ಅಪ್ಪ ಅಮ್ಮನ ದುಡ್ಡು, ಮಕ್ಕಳ ಕೈ
(ಆರೋಗ್ಯ ಶಿಬಿರದಲ್ಲಿ ಹಿರಿಯರಿಗಾಗಿ ಆಡಿದ ಮಾತು)



ಬಿ.ಪಿ., ಶುಗರ್ ನೋಡಿಸಿಕೊಂಡು ಬಂದು ಕೂತಿದ್ದೀರಿ. ಆರೋಗ್ಯ ಶಿಬಿರದಲ್ಲಿ ದುಡ್ಡಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮರೆವಿನ ಕಾಯಿಲೆ ಶುರುವಾಗುವಾಗ ಮೊದಮೊದಲು ಕಾಣುವ ಗುರುತುಗಳಲ್ಲಿ ಲೆಕ್ಕ ತಪ್ಪುವುದೂ ಒಂದು. ಕರೆಂಟ್ ಬಿಲ್ ಎರಡು ಸಲ ಕಟ್ಟುವುದು, ಎಫ್.ಡಿ. ಯಾವ ಬ್ಯಾಂಕಿನಲ್ಲಿದೆ ಎಂಬುದೇ ಮರೆತುಹೋಗುವುದು, ಹೀಗೆ. ಆಸ್ಪತ್ರೆಗೆ ಸೇರಿದ ದಿನ ಅಡ್ವಾನ್ಸ್ ಕಟ್ಟುವುದಕ್ಕೆ ಯಾರ ಕೈಯಲ್ಲಿ ದುಡ್ಡಿದೆ ಅನ್ನುವುದೂ ಆರೋಗ್ಯದ ವಿಷಯವೇ. ಆದ್ದರಿಂದ ತಲೆ ನೆಟ್ಟಗಿರುವಾಗಲೇ, ಕೈಕಾಲು ಆಡುವಾಗಲೇ ಇದನ್ನು ಮಾತಾಡಿಕೊಳ್ಳೋಣ.

ಒಂದು ಮನೆ ಎಂದಿಟ್ಟುಕೊಳ್ಳಿ. ದೊಡ್ಡ ಮಗ ಫ್ರೀಮಾಂಟಿನಲ್ಲಿ, ಮಗಳು ಮೈಸೂರಿನಲ್ಲಿ, ಚಿಕ್ಕ ಮಗ ಪುಣೆಯಲ್ಲಿ. ತಾಯಿಯ ಪಿಂಚಣಿ, ಮನೆ ಬಾಡಿಗೆ, ಠೇವಣಿ ಎಲ್ಲ ಮೈಸೂರಿನ ಬ್ಯಾಂಕಿನಲ್ಲಿ. ಎ.ಟಿ.ಎಂ. ಕಾರ್ಡೂ ಪಿನ್ನೂ ಮಗಳ ಹತ್ತಿರ. ತಾಯಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್, ಫಿಸಿಯೋಥೆರಪಿ, ರಾತ್ರಿ ನೋಡಿಕೊಳ್ಳುವವರ ಸಂಬಳ ಎಲ್ಲವನ್ನೂ ಮಗಳೇ ನಿಂತು ಮಾಡಿದಳು. ಒಂದು ವರ್ಷ ಕಳೆದ ಮೇಲೆ ಪುಣೆಯ ತಮ್ಮ ಪಾಸ್‌ಬುಕ್ ನೋಡಿ, "ಅಕ್ಕಾ, ನಾಲ್ಕು ಲಕ್ಷ ಎಲ್ಲಿಗೆ ಹೋಯಿತು?" ಎಂದು ಕೇಳಿದ. "ಅಮ್ಮನನ್ನು ಎತ್ತಿ ಕೂರಿಸುವಾಗ ನೀವೆಲ್ಲ ಎಲ್ಲಿದ್ದಿರಿ?" ಎಂದಳು ಅವಳು. ಅವಳು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಆದರೆ ತೋರಿಸುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಅಕ್ಕ ತಮ್ಮ ಹಬ್ಬಕ್ಕೂ ಮಾತಾಡುವುದಿಲ್ಲ. ತಾಯಿಗೆ ಮೂಳೆ ಕೂಡಿತು, ಮನೆ ಕೂಡಲಿಲ್ಲ.

ಇಂಥ ಜಗಳ ಮಕ್ಕಳು ಕೆಟ್ಟವರಾಗಿದ್ದಕ್ಕೇ ಬರಬೇಕೆಂದಿಲ್ಲ. ದುಡ್ಡಿನ ವಿಷಯದಲ್ಲಿ ಮೂರು ಬೇರೆ ಬೇರೆ ಹಕ್ಕುಗಳಿವೆ, ನಾವು ಅವನ್ನು ಕಲೆಸಿಬಿಡುತ್ತೇವೆ. ಒಂದು, ಖಾತೆಯಲ್ಲಿ ಏನಾಗುತ್ತಿದೆ ಎಂದು ನೋಡುವ ಹಕ್ಕು. ಎರಡು, ಅದರಿಂದ ಖರ್ಚು ಮಾಡುವ ಹಕ್ಕು. ಮೂರು, ಒಡೆತನ. ನನ್ನ ಸಲಹೆ ಇಷ್ಟು: ನೋಡುವುದು ಎಲ್ಲ ಮಕ್ಕಳಿಗೂ ಇರಲಿ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ. ಖರ್ಚು ಮಾಡುವುದು ಹತ್ತಿರ ಇರುವ ಒಬ್ಬರಿಗೆ, ಒಂದು ಮಿತಿಯೊಳಗೆ. ಒಡೆತನ ನೀವಿರುವ ತನಕ ನಿಮ್ಮದೇ.

ಮೊದಲು ಎ.ಟಿ.ಎಂ. ಕಾರ್ಡಿನ ವಿಷಯ. ಬೆಂಗಳೂರಿನಲ್ಲೇ ಒಂದು ಪ್ರಕರಣ ನಡೆದಿದೆ. 2013ರಲ್ಲಿ ಹೆರಿಗೆ ರಜೆಯಲ್ಲಿದ್ದ ಒಬ್ಬ ಹೆಣ್ಣುಮಗಳು ತನ್ನ ಕಾರ್ಡು, ಪಿನ್ ಕೊಟ್ಟು 25,000 ರೂಪಾಯಿ ತರಲು ಗಂಡನನ್ನು ಕಳಿಸಿದರು. ಯಂತ್ರದಿಂದ ಚೀಟಿ ಬಂತು, ದುಡ್ಡು ಬರಲಿಲ್ಲ. ಖಾತೆಯಲ್ಲಿ ಮಾತ್ರ ಹಣ ಕಡಿತವಾಗಿತ್ತು. ಗ್ರಾಹಕರ ವೇದಿಕೆಗೆ ಹೋದರು. 2018ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಕಾರ್ಡನ್ನು ಬೇರೆಯವರು ಬಳಸುವಂತಿಲ್ಲ, ಪಿನ್ ಗಂಡನಿಗೆ ಕೊಟ್ಟಿದ್ದೂ ನಿಯಮ ಮುರಿದಂತೆಯೇ ಎಂಬುದು ಸಾರಾಂಶ. ಗಂಡನಿಗೇ ಹೀಗಾದರೆ ಮಗಳಿಗೆ, ಅಳಿಯನಿಗೆ, ಮೊಮ್ಮಗನಿಗೆ ಪಿನ್ ಹೇಳಿಕೊಡುವುದು ಎಷ್ಟು ಸರಿ, ನೀವೇ ಯೋಚಿಸಿ. ಪ್ರೀತಿಯಿಂದ ಕೊಟ್ಟ ಪಿನ್ ನಾಳೆ ಅವರನ್ನೇ ತೊಂದರೆಗೆ ಸಿಕ್ಕಿಸಬಹುದು.

ಹಾಗಾದರೆ ಮನೆ ಖರ್ಚು ನಡೆಯುವುದು ಹೇಗೆ? ಯುಪಿಐ ಬಳಸುವವರಿಗೆ 2024ರಲ್ಲಿ "ಯುಪಿಐ ಸರ್ಕಲ್" ಎಂಬ ಸೌಲಭ್ಯ ಬಂದಿದೆ. ನಿಮ್ಮ ಖಾತೆಯಿಂದ ಪಾವತಿ ಮಾಡಲು ನಂಬಿಕೆಯ ಒಬ್ಬರಿಗೆ ನೀವೇ ಅನುಮತಿ ಕೊಡಬಹುದು. ಅವರು ತಮ್ಮ ಫೋನಿನಿಂದಲೇ ಕಟ್ಟುತ್ತಾರೆ, ನಿಮ್ಮ ಪಿನ್ ಅವರಿಗೆ ಗೊತ್ತಾಗುವುದಿಲ್ಲ. ಪೂರ್ತಿ ಅನುಮತಿ ಕೊಟ್ಟರೂ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿ ಮಿತಿ ಇದೆ. ಬೇಡವೆಂದರೆ, ಪ್ರತಿ ಪಾವತಿಗೂ ನಿಮ್ಮ ಒಪ್ಪಿಗೆ ಕೇಳುವ ಹಾಗೆಯೂ ಇಟ್ಟುಕೊಳ್ಳಬಹುದು. ಹಾಲು, ಔಷಧಿ, ಕರೆಂಟ್ ಬಿಲ್ಲಿಗೆ ಇದು ಸಾಕು.

ದೊಡ್ಡ ಖರ್ಚಿಗೆ ಜಂಟಿ ಖಾತೆ ಎನ್ನುತ್ತಾರೆ. ಇಲ್ಲಿ ಎರಡು ಶಬ್ದ ನೆನಪಿಡಿ. "ಐದರ್ ಆರ್ ಸರ್ವೈವರ್" ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ ಪೂರ್ತಿ ಹಣ ತೆಗೆಯಬಹುದು. "ಫಾರ್ಮರ್ ಆರ್ ಸರ್ವೈವರ್" ಅಂದರೆ ಮೊದಲ ಹೆಸರಿನವರು ಇರುವ ತನಕ ಅವರೊಬ್ಬರೇ, ಅವರ ನಂತರ ಎರಡನೆಯವರು. ಬ್ಯಾಂಕಿನ ಫಾರಂನಲ್ಲಿ ಒಂದು ಚೌಕದಲ್ಲಿ ಹಾಕುವ ಟಿಕ್ ಇಷ್ಟು ವ್ಯತ್ಯಾಸ ಮಾಡುತ್ತದೆ. ಜೀವಮಾನದ ಉಳಿತಾಯವನ್ನೆಲ್ಲ ಮೊದಲನೆಯ ಬಗೆಯಲ್ಲಿ ಇಡಬೇಡಿ. ಆಸ್ಪತ್ರೆಗೆಂದು ಒಂದಿಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಟ್ಟು, ಅದಕ್ಕೆ ಮಾತ್ರ ಹತ್ತಿರವಿರುವ ಮಗನನ್ನೋ ಮಗಳನ್ನೋ ಸೇರಿಸಿ. ಕೇಂದ್ರ ಸರ್ಕಾರದ ಪಿಂಚಣಿ ಬರುವ ಖಾತೆಗೆ ಗಂಡ ಅಥವಾ ಹೆಂಡತಿಯನ್ನು ಮಾತ್ರ ಜಂಟಿಯಾಗಿ ಸೇರಿಸಬಹುದು, ಮಕ್ಕಳನ್ನಲ್ಲ.

ಇಲ್ಲಿರುವ ಮಗನನ್ನೋ ಮಗಳನ್ನೋ ಸೇರಿಸುವುದಾದರೆ ಇನ್ನೊಂದು ಮಾತು. ರಿಸರ್ವ್ ಬ್ಯಾಂಕ್ ಅದಕ್ಕೆ ಅವಕಾಶ ಕೊಟ್ಟಿದೆ, ಆದರೆ ಎನ್‌ಆರ್‌ಐ ಮಕ್ಕಳು ಆ ಹಣವನ್ನು ನಿಮ್ಮ ಪರವಾಗಿ ಊರಿನ ಖರ್ಚಿಗೆ ಮಾತ್ರ ಬಳಸಬೇಕು. ಅಮೆರಿಕದಲ್ಲಿ ತೆರಿಗೆ ಕಟ್ಟುವ ಮಕ್ಕಳಿಗೆ ಎಫ್‌ಬಾರ್ ಎಂಬ ವರದಿಯ ಜವಾಬ್ದಾರಿ ಇದೆ. ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದಲ್ಲಿ ಯಾವ ದಿನವಾದರೂ 10,000 ಡಾಲರ್ ದಾಟಿದರೆ ಅದನ್ನು ಸಲ್ಲಿಸಬೇಕು. ಹಣ ಅವರದ್ದಲ್ಲದಿದ್ದರೂ, ಸಹಿ ಮಾಡುವ ಅಧಿಕಾರ ಮಾತ್ರ ಇದ್ದರೂ ಇದು ಅನ್ವಯಿಸುತ್ತದೆ. ಆದ್ದರಿಂದ ಅವರಿಗೆ ಹೇಳದೆ ಅವರ ಹೆಸರು ಸೇರಿಸಬೇಡಿ. ದೂರದ ಮಕ್ಕಳಿಗೆ ನೋಡುವ ಹಕ್ಕು ಸಾಕು. ತಿಂಗಳ ಸ್ಟೇಟ್‌ಮೆಂಟ್ ಎಲ್ಲರಿಗೂ ಇಮೇಲಿನಲ್ಲಿ ಹೋಗಲಿ.

ಇನ್ನು ನಾಮಿನಿ. "ದೊಡ್ಡವನ ಹೆಸರು ಹಾಕಿದ್ದೇನೆ, ಅವನು ಎಲ್ಲರಿಗೂ ಹಂಚುತ್ತಾನೆ" ಎಂದು ಸುಮ್ಮನಿರುತ್ತೇವೆ. ಬ್ಯಾಂಕ್ ಠೇವಣಿಯ ನಾಮಿನಿ ಹಣ ಪಡೆದುಕೊಳ್ಳುವವನೇ ಹೊರತು ಒಡೆಯನಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಒಡೆತನ ವಿಲ್‌ನಂತೆ ಹೋಗುತ್ತದೆ. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೋಗುತ್ತದೆ, ಅದರಲ್ಲಿ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಒಬ್ಬರ ಹೆಸರಿದ್ದು ಉಳಿದವರ ಮನಸ್ಸು ಕೆಡುತ್ತಿದ್ದ ಮನೆಗಳಿಗೆ ಇದು ಅನುಕೂಲ.

ಜಿ.ಪಿ.ಎ. ಬಗ್ಗೆ ಬಹಳ ಜನ ಕೇಳುತ್ತೀರಿ. ಇಲ್ಲಿ ಬರೆದು ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟ್ ಮೂಲಕ ದೃಢೀಕರಿಸಿದ ಪತ್ರಕ್ಕೆ, ಅದು ಊರು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ "ಡ್ಯೂರಬಲ್" ಎಂದು ಬರೆದ ಅಧಿಕಾರಪತ್ರ, ಬರೆದವರ ಬುದ್ಧಿ ಮಂಕಾದ ಮೇಲೂ ನಡೆಯುತ್ತದೆ. ಭಾರತದಲ್ಲಿ ಹಾಗಲ್ಲ. ಬರೆದವರ ಮನಸ್ಸಿನ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಮಕ್ಕಳು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗಬಹುದು. ಅಂದರೆ ಜಿ.ಪಿ.ಎ. ಇದೆ ಎಂದು ಎಲ್ಲವನ್ನೂ ಅದರ ಮೇಲೆ ಬಿಡಬೇಡಿ. ಬುದ್ಧಿ ಸರಿಯಿದ್ದು ಕೈ ಮಾತ್ರ ನಡೆಯದಿದ್ದರೆ ಹೆದರಬೇಕಿಲ್ಲ. ಹೆಬ್ಬೆಟ್ಟಿನ ಗುರುತು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ಹಾಕಿ, ಬ್ಯಾಂಕಿನ ಅಧಿಕಾರಿಯೂ ಸೇರಿ ಇಬ್ಬರು ಸಾಕ್ಷಿಗಳಿದ್ದರೆ ಹಣ ಕೊಡಬೇಕೆಂಬ ನಿಯಮ ಇದೆ. 70 ದಾಟಿದವರಿಗೆ ಮನೆ ಬಾಗಿಲಿಗೆ ಬ್ಯಾಂಕ್ ಸೇವೆ ಕೊಡಬೇಕೆಂದೂ ರಿಸರ್ವ್ ಬ್ಯಾಂಕ್ ಹೇಳಿದೆ, ಕೇಳಿ ಪಡೆಯಿರಿ.

ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಆತುರ ಬೇಡ. ಮಾಡಲೇಬೇಕಾದರೆ, "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯ 23ನೇ ಸೆಕ್ಷನ್ನಿನಂತೆ, ಆ ಷರತ್ತು ಮುರಿದರೆ ದಾನವನ್ನು ರದ್ದು ಮಾಡಿಸಬಹುದು. ಕರ್ನಾಟಕದಲ್ಲಿ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ.

ನವೆಂಬರಿನಲ್ಲಿ ಇಲ್ಲೇ ಇರುವವರು ಪಿಂಚಣಿಯ ಜೀವಂತ ಪ್ರಮಾಣಪತ್ರ ಮರೆಯಬೇಡಿ. ಕಾನ್ಸುಲೇಟ್‌ನಿಂದ ಪಡೆದು ಕಳಿಸಬಹುದು. ಪ್ರಮಾಣಪತ್ರ ಹೋಗದೆ ಪಿಂಚಣಿ ನಿಂತರೆ, ಊರಿನಲ್ಲಿರುವ ಮಗಳ ಮೇಲೆ ಸುಮ್ಮನೆ ಅನುಮಾನ ಬೀಳುತ್ತದೆ.

ಇಷ್ಟೆಲ್ಲ ಕಾಗದಕ್ಕಿಂತ ಹೆಚ್ಚು ಕೆಲಸ ಮಾಡುವುದು ಒಂದು ನೋಟ್‌ಬುಕ್ಕು. ಖರ್ಚು ಮಾಡುವವರು ದಿನಾಂಕ, ಮೊತ್ತ, ಯಾತಕ್ಕೆ ಎಂದು ಬರೆಯಲಿ. ತಿಂಗಳಿಗೊಮ್ಮೆ ಆ ಪುಟದ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗಲಿ. ಲೆಕ್ಕ ಕೇಳಿದರೆ ಮಗಳಿಗೆ ಬೇಜಾರಾಗುತ್ತದೆ ಎಂದು ಹಿಂಜರಿಯುತ್ತೀರಿ. ಲೆಕ್ಕ ಇದ್ದರೆ ಆಕೆಯ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ, ಅದು ಆಕೆಗೇ ರಕ್ಷಣೆ. ಕೆಲಸ ಬಿಟ್ಟು ನಿಮ್ಮನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ಇಷ್ಟು ಎಂದು ಕೊಡುವ ಮನಸ್ಸಿದ್ದರೆ, ಅದನ್ನು ನೀವೇ ಎಲ್ಲರ ಮುಂದೆ ಹೇಳಿ. ನೀವು ಹೇಳಿದರೆ ಅದು ಋಣ ತೀರಿಸಿದ ಹಾಗೆ. ಹೇಳದೆ ಹೋದರೆ ಉಳಿದವರ ಕಣ್ಣಿಗೆ ಕಳ್ಳತನದ ಹಾಗೆ ಕಾಣುತ್ತದೆ. ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೆಲವರ ಮನೆಯಲ್ಲಿ ಪರಿಸ್ಥಿತಿ ಇದಕ್ಕಿಂತ ಕಷ್ಟ ಇರಬಹುದು. ಪಾಸ್‌ಪೋರ್ಟ್, ಚೆಕ್‌ಬುಕ್ ಕೊಡದೆ ಇಟ್ಟುಕೊಳ್ಳುವುದು, ಓದಲು ಬಿಡದೆ ಸಹಿ ಹಾಕಿಸುವುದು, ಔಷಧಿಗೂ ದುಡ್ಡು ಕೇಳಿ ಪಡೆಯುವ ಹಾಗೆ ಮಾಡುವುದು, ಇವೆಲ್ಲ ಶೋಷಣೆಯೇ. ಮರ್ಯಾದೆಗೆ ಅಂಜಿ ನುಂಗಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ 60 ದಾಟಿದವರ ಇಂಥ ದೂರುಗಳನ್ನು ನೋಡಿಕೊಳ್ಳುವ ಅಡಲ್ಟ್ ಪ್ರೊಟೆಕ್ಟಿವ್ ಸರ್ವೀಸಸ್ ಎಂಬ ಸರ್ಕಾರಿ ವಿಭಾಗ ಇದೆ, ಫೋನ್ 1-833-401-0832. ಊರಿಗೆ ಹೋದ ಮೇಲೆ ಹಿರಿಯರ ಸಹಾಯವಾಣಿ 14567.

ಊರಿಗೆ ಹೊರಡುವ ಮೊದಲು ಮಾಡಬೇಕಾದ್ದು:

1. ಖಾತೆ, ಠೇವಣಿ, ಲಾಕರ್, ವಿಮೆ ಎಲ್ಲಿವೆ ಎಂದು ಒಂದೇ ಹಾಳೆಯಲ್ಲಿ ಬರೆದು ಎಲ್ಲ ಮಕ್ಕಳಿಗೂ ಕೊಡಿ. ಪಿನ್, ಪಾಸ್‌ವರ್ಡ್ ಅದರಲ್ಲಿ ಬೇಡ.
2. ಪ್ರತಿ ಖಾತೆಯ ನಾಮಿನಿ ಯಾರು, ಜಂಟಿ ಇದ್ದರೆ ಯಾವ ಬಗೆ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.
3. ಆಸ್ಪತ್ರೆ ಖರ್ಚಿನ ಖಾತೆಯನ್ನು ಬೇರೆ ಮಾಡಿ.
4. ವಿಲ್ ಬರೆದಿಲ್ಲದಿದ್ದರೆ ಬರೆಯಿರಿ.
5. ಎಲ್ಲ ಮಕ್ಕಳನ್ನೂ ಒಂದೇ ವಿಡಿಯೋ ಕಾಲ್‌ಗೆ ಕರೆದು, ಯಾರು ಖರ್ಚು ಮಾಡುತ್ತಾರೆ, ಎಷ್ಟರವರೆಗೆ ಎಂಬುದನ್ನು ನಿಮ್ಮ ಬಾಯಿಂದಲೇ ಹೇಳಿ.

ಐದನೆಯದನ್ನು ಈ ವಾರವೇ ಮಾಡಬಹುದು. ನಮ್ಮ ಶನಿವಾರ ರಾತ್ರಿ ಎಂಟೂವರೆ ಅಂದರೆ ಊರಿನಲ್ಲಿ ಭಾನುವಾರ ಬೆಳಿಗ್ಗೆ, ಎಲ್ಲರೂ ಮನೆಯಲ್ಲಿರುತ್ತಾರೆ. ಹಾಳೆ, ಪೆನ್ನು ಆಚೆ ಮೇಜಿನ ಮೇಲಿವೆ. ಮೊದಲ ಪಟ್ಟಿಯನ್ನು ಇಲ್ಲೇ ಬರೆಯಲು ಕೂತರೆ ನಮ್ಮ ಸ್ವಯಂಸೇವಕರು ನೆರವಾಗುತ್ತಾರೆ.