ಸುಂಟರಗಾಳಿಗೆ ಅಂಕ ಕೊಡುವುದು ಹೇಗೆ?

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ, ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದವನು. ಆದ್ದರಿಂದ ಹೊಗಳಿಕೆಯ ಮಾತು ಬಿಟ್ಟು ಒಂದು ಪಾಠವನ್ನೇ ಮಾಡುತ್ತೇನೆ. ವಿಷಯ, ಟೊರ್ನಾಡೊ ಎಂಬ ಸುಂಟರಗಾಳಿ.

ಮೊದಲು ಒಂದು ಗೊಂದಲ ಬಿಡಿಸೋಣ. ಚಂಡಮಾರುತ ಸಮುದ್ರದಲ್ಲಿ ಹುಟ್ಟಿ, ನೂರಾರು ಕಿಲೋಮೀಟರ್ ಹರಡಿ, ದಿನಗಟ್ಟಲೆ ಇರುತ್ತದೆ. ಟೊರ್ನಾಡೊ ಗುಡುಗಿನ ಮೋಡದಿಂದ ನೆಲದವರೆಗೆ ಚಾಚುವ ಕಿರಿದಾದ ಸುಳಿ. ಹೆಚ್ಚಿನವು ಹತ್ತು ನಿಮಿಷವೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಮೈದಾನದ ಧೂಳು, ತರಗೆಲೆ ಎತ್ತಿಕೊಂಡು ಸುತ್ತುವ ಗಾಳಿ ಬೇರೆಯೇ. ಅದು ಕಾದ ನೆಲದಿಂದ ಏಳುತ್ತದೆ, ಅದಕ್ಕೆ ಮೋಡ ಬೇಕಿಲ್ಲ.

ಟೊರ್ನಾಡೊ ಹೆಚ್ಚಾಗಿ ಕಾಣುವುದು ಅಮೆರಿಕದ ನಡುವಿನ ಬಯಲಿನಲ್ಲಿ. ವಸಂತದಲ್ಲಿ ಅಲ್ಲಿ ನೆಲದ ಹತ್ತಿರ ಮೆಕ್ಸಿಕೊ ಕೊಲ್ಲಿಯ ಬಿಸಿಯಾದ, ತೇವದ ಗಾಳಿ ಬರುತ್ತದೆ; ಮೇಲೆ ಪಶ್ಚಿಮದಿಂದ ತಣ್ಣನೆಯ ಒಣಗಾಳಿ ಜೋರಾಗಿ ಬೀಸುತ್ತದೆ. ಎರಡು ಅಂಗೈಗಳ ನಡುವೆ ಪೆನ್ಸಿಲ್ ಇಟ್ಟು ಮೇಲಿನ ಕೈಯನ್ನು ಮುಂದಕ್ಕೆ ತಳ್ಳಿ ನೋಡಿ, ಪೆನ್ಸಿಲ್ ಉರುಳುತ್ತದೆ. ಮೇಲಿನ, ಕೆಳಗಿನ ಗಾಳಿಗಳ ನಡುವಿನ ಗಾಳಿಯೂ ಹೀಗೆಯೇ ಅಡ್ಡಲಾಗಿ ಉರುಳುತ್ತದೆ. ರಭಸದಿಂದ ಮೇಲೇರುವ ಬಿಸಿಗಾಳಿ ಅದನ್ನು ಎತ್ತಿ ನಿಲ್ಲಿಸಿದಾಗ ಮೋಡವೇ ತಿರುಗತೊಡಗುತ್ತದೆ. ಇದಕ್ಕೆ ಸೂಪರ್‌ಸೆಲ್ ಎಂದು ಹೆಸರು. ನೆಲದ ಬಳಿಯ ತಿರುಗುವ ಗಾಳಿ ಮೇಲಕ್ಕೆ ಎಳೆಯಲ್ಪಟ್ಟು ಸಪುರವಾದಂತೆ ವೇಗ ಏರಿ ಟೊರ್ನಾಡೊ ಆಗುತ್ತದೆ. ಆದರೆ ಹೆಚ್ಚಿನ ಸೂಪರ್‌ಸೆಲ್‌ಗಳು ಟೊರ್ನಾಡೊ ಹುಟ್ಟಿಸುವುದಿಲ್ಲ. ಯಾವುದು ಹುಟ್ಟಿಸೀತು ಎಂದು ಮುಂಚಿತವಾಗಿ ಹೇಳುವುದು ಇಂದಿಗೂ ಕಷ್ಟ.

ಇನ್ನು ಅಂಕದ ವಿಷಯ. ಸುಳಿಯೊಳಗೆ ಉಪಕರಣ ಇಟ್ಟು ವೇಗ ಅಳೆಯುವುದು ಬಲು ಅಪರೂಪ. ಜಪಾನಿನಲ್ಲಿ ಹುಟ್ಟಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿದ ತೆತ್ಸುಯಾ ಫುಜಿತಾ 1971ರಲ್ಲಿ ಬೇರೆ ದಾರಿ ತೋರಿಸಿದರು. ಗಾಳಿ ಹೋದ ಮೇಲೆ, ಅದು ಮುರಿದದ್ದನ್ನು ನೋಡಿ ವೇಗವನ್ನು ಅಂದಾಜು ಮಾಡುವುದು. 2007ರಿಂದ ಅಮೆರಿಕದಲ್ಲಿ ಅದರ ಪರಿಷ್ಕೃತ ರೂಪವಾದ ಇ.ಎಫ್. ಮಾಪನ ಜಾರಿಯಲ್ಲಿದೆ. ಚಾವಣಿಯ ಹೊದಿಕೆ ಅಲ್ಲಲ್ಲಿ ಕಿತ್ತಿದ್ದರೆ 0, ಅಂದರೆ ಗಂಟೆಗೆ 105ರಿಂದ 137 ಕಿ.ಮೀ. ಗಟ್ಟಿಮುಟ್ಟಾದ ಮನೆ ಅಡಿಪಾಯದಿಂದಲೇ ಗುಡಿಸಿಹೋಗಿದ್ದರೆ 5, ಅಂದರೆ 322 ಕಿ.ಮೀ.ಗೂ ಮೇಲೆ.

ಹಾಗಾದರೆ ಬಯಲಿನಲ್ಲೇ ಹಾದುಹೋದ ಗಾಳಿಗೆ ಅಂಕವೆಷ್ಟು? 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿಯ ಟೊರ್ನಾಡೊ 4.2 ಕಿ.ಮೀ. ಅಗಲವಿತ್ತು. ಸಂಚಾರಿ ರೇಡಾರ್ ಅದರಲ್ಲಿ ಸುಮಾರು 480 ಕಿ.ಮೀ. ವೇಗ ಕಂಡಿತು. ಆದರೂ ಸಿಕ್ಕಿದ ಅಂಕ 3, ಏಕೆಂದರೆ ಮುರಿಯಲು ದಾರಿಯಲ್ಲಿ ಕಟ್ಟಡಗಳೇ ಕಡಿಮೆ. ಅನುಭವಿ ಸಂಶೋಧಕ ಟಿಮ್ ಸಮರಾಸ್, ಅವರ ಮಗ ಮತ್ತು ಸಹೋದ್ಯೋಗಿ ಅದರಲ್ಲೇ ಜೀವ ಬಿಟ್ಟರು.

ಅದಕ್ಕೆ ಹನ್ನೊಂದು ದಿನ ಮೊದಲು, ಅದೇ ರಾಜ್ಯದ ಮೂರ್ ಪಟ್ಟಣದಲ್ಲಿ 5ರ ಅಂಕದ ಗಾಳಿಗೆ 24 ಜನ ಸತ್ತರು. ಅವರಲ್ಲಿ ಏಳು ಮಕ್ಕಳು ಒಂದೇ ಪ್ರಾಥಮಿಕ ಶಾಲೆಯವರು. ಆ ಶಾಲೆಯಲ್ಲಿ ಸುರಕ್ಷಿತ ಕೋಣೆ ಇರಲಿಲ್ಲ. ಮತ್ತೆ ಕಟ್ಟುವಾಗ ಸೇರಿಸಿದರು. ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ 1989ರ ಏಪ್ರಿಲ್ 26ರಂದು ಮಾಣಿಕ್‌ಗಂಜ್ ಪ್ರದೇಶದಲ್ಲಿ ಒಂದೇ ಟೊರ್ನಾಡೊ ಸುಮಾರು 1,300 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಮನೆಗಳೇ ದುರ್ಬಲವಾಗಿದ್ದವು.

ಮಕ್ಕಳೇ, ಅಂಕ ಬರುವುದು ಎಲ್ಲ ಮುಗಿದ ಮೇಲೆ. ಜೀವ ಉಳಿಸುವುದು ಅದಕ್ಕೂ ಮೊದಲಿನ ಎಚ್ಚರಿಕೆ, ಗಟ್ಟಿ ಕಟ್ಟಡ, ಕಿಟಕಿಯಿಲ್ಲದ ಒಳಕೋಣೆ. ನಮ್ಮಲ್ಲಿ ಇಂಥ ಟೊರ್ನಾಡೊ ಇಲ್ಲವೆಂದು ನಿಶ್ಚಿಂತರಾಗಬೇಡಿ. ಏಪ್ರಿಲ್, ಮೇ ತಿಂಗಳ ಮಳೆಗಾಳಿಗೆ ಶೀಟುಗಳು ಹಾರಿಹೋಗುವುದನ್ನು ನೀವೇ ಕಂಡಿದ್ದೀರಿ. ಮಹೋತ್ಸವದ ನೆನಪಿಗೆ ಹೊಸ ಕೊಠಡಿ ಕಟ್ಟುವ ಮಾತು ನಡೆದಿದೆ. ಅದರ ಬಣ್ಣ ಯಾವುದೆಂದು ಕೇಳುವ ಮೊದಲು, ಚಾವಣಿ ಗೋಡೆಗೆ, ಗೋಡೆ ಅಡಿಪಾಯಕ್ಕೆ ಬಿಗಿಯಾಗಿದೆಯೇ ಎಂದು ಹಿರಿಯರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.