ಪರಪುಟ್ಟನ ಸಂಸಾರ

ಶ್ರಾದ್ಧದ ದಿನವೊಂದನ್ನು ಬಿಟ್ಟರೆ ಕಾಗೆಗೆ ವರ್ಷವೆಲ್ಲ ಬೈಗುಳ. ಕೋಗಿಲೆಗಾದರೋ ಕೂಗಿದಾಗಲೆಲ್ಲ ಮರ್ಯಾದೆ. ಆದರೆ ಆ ಇಂಪಾದ ಕೊರಳನ್ನು ಬೆಳೆಸಿದುದು ಕಾಗೆಯ ಗುಟುಕು. ನಮ್ಮ ಪ್ರಾಚೀನರು ಇದನ್ನು ಬಲ್ಲವರಾಗಿಯೇ ಕೋಗಿಲೆಯನ್ನು ಪರಭೃತವೆಂದೂ ಪರಪುಷ್ಟವೆಂದೂ ಕರೆದರು. ಕನ್ನಡದ ಕವಿಗಳು ಪರಪುಟ್ಟನೆಂದರು. ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನು ಹೆಣ್ಣಿನ ಕಪಟಕ್ಕೆ ಕೊಡುವ ದೃಷ್ಟಾಂತವೂ ಇದೇ. ಈ ಸಂಸಾರದ ನಿಜಸ್ಥಿತಿಯೇನೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಕುಹೂ ಎಂದು ಕೂಗುವುದು ಗಂಡು. ಅದರ ಮೈ ಕಪ್ಪು, ಕಣ್ಣು ಕೆಂಪು. ಹೆಣ್ಣಿಗೆ ಕಂದು ಮೈಮೇಲೆ ಬಿಳಿಯ ಚುಕ್ಕೆಗಳು. ಕಾಗೆ ಗೂಡುಕಟ್ಟುವ ಕಾಲವೇ ಇವು ಮೊಟ್ಟೆಯಿಡುವ ಕಾಲ. ಗಂಡು ಗೂಡಿನ ಬಳಿ ಸುಳಿದರೆ ಕಾಗೆಗಳು ಅದನ್ನು ಅಟ್ಟಿಕೊಂಡು ಹೋಗುವುದುಂಟು. ಆ ಸಂದಿನಲ್ಲಿ ಹೆಣ್ಣು ತನ್ನ ಕೆಲಸವನ್ನು ಮುಗಿಸುತ್ತದೆ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಚಿಕ್ಕದು. ಬಣ್ಣದಲ್ಲಿ ಮಾತ್ರ ಬಹುಮಟ್ಟಿಗೆ ಅದರಂತೆಯೇ. ಅದು ಕಾಗೆಯ ಮೊಟ್ಟೆಗಿಂತ ಎರಡು ಮೂರು ದಿನ ಮುಂಚೆ ಒಡೆಯುತ್ತದೆ. ಮೊದಲು ಬಾಯ್ದೆರೆದ ಮರಿಗೆ ಮೊದಲ ಗುಟುಕು.

ಇಂಗ್ಲೆಂಡಿನ ಕುಕೂ ಹಕ್ಕಿಯ ಮರಿ ಇನ್ನೂ ಕ್ರೂರವಾದುದು. ಸಿಡುಬಿಗೆ ದೇವಿ ಹಾಕುವ ಕ್ರಮವನ್ನು ಪ್ರಚಾರಕ್ಕೆ ತಂದ ಎಡ್ವರ್ಡ್ ಜೆನ್ನರನು ಅದನ್ನು ಕಣ್ಣಾರೆ ಕಂಡು 1788ರಲ್ಲಿ ಪ್ರಕಟಿಸಿದನು: ಕಣ್ಣುಬಿಡದ ಮರಿಯು ಸಾಕುತಾಯಿಯ ಮೊಟ್ಟೆಮರಿಗಳನ್ನು ಬೆನ್ನಮೇಲೆ ಹೊತ್ತು ಗೂಡಿನಿಂದಾಚೆಗೆ ತಳ್ಳುತ್ತದೆ. ನಮ್ಮ ಕೋಗಿಲೆಯ ಮರಿಗೆ ಈ ಅಭ್ಯಾಸವಿಲ್ಲ. ಕೆಲವು ಗೂಡುಗಳಲ್ಲಿ ಕಾಗೆಯ ಮರಿಗಳೂ ಜೊತೆಯಲ್ಲಿಯೇ ಬೆಳೆಯುತ್ತವೆ. ಕೆಲವದರಲ್ಲಿ ಆಹಾರ ಸಾಲದೆ ಸಾಯುತ್ತವೆ.

ಇಷ್ಟು ಜಾಣಹಕ್ಕಿಯಾದ ಕಾಗೆ ಮೋಸಹೋಗುವುದೇಕೆ? ಕೇಂಬ್ರಿಜ್ಜಿನ ಡೇವೀಸ್ ಮತ್ತು ಬ್ರೂಕ್ ಎಂಬ ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂತಹ ಪ್ರಶ್ನೆಗೆ ಬೆಳಕು ಕೊಡುತ್ತವೆ. ಜೊಂಡಿನಲ್ಲಿ ವಾಸಿಸುವ ಪುಟ್ಟ ಹಕ್ಕಿಗಳ ಗೂಡುಗಳಲ್ಲಿ ಅವರು ಬಣ್ಣಹಚ್ಚಿದ ಕೃತಕ ಮೊಟ್ಟೆಗಳನ್ನಿಟ್ಟರು. ಬಣ್ಣ ಹೋಲದ ಮೊಟ್ಟೆಗಳನ್ನು ಹಕ್ಕಿಗಳು ಬಹುವಾಗಿ ನಿರಾಕರಿಸಿದುವು; ಹೋಲುವವನ್ನು ಬಹುತೇಕ ಒಪ್ಪಿಕೊಂಡುವು. ಪೋಷಕನ ಕಣ್ಣು ಸೂಕ್ಷ್ಮವಾದಂತೆಲ್ಲ ಅನುಕರಣವೂ ನಯವಾಗಬೇಕು. ಅನುಕರಣ ನಯವಾದಂತೆಲ್ಲ ಕಣ್ಣು ಇನ್ನೂ ಸೂಕ್ಷ್ಮವಾಗಬೇಕು. ಸಹಸ್ರಾರು ತಲೆಮಾರುಗಳಿಂದ ನಡೆದುಬಂದ ಪಂದ್ಯವಿದು. ಇದರಲ್ಲಿ ಅತಿ ಶಂಕೆಯೂ ಅಪಾಯವೇ: ಪರರದೆಂದು ತಿಳಿದು ಸ್ವಂತ ಮೊಟ್ಟೆಯನ್ನೇ ಎಸೆದ ತಾಯಿಗೆ ವಂಶವೆಲ್ಲಿಯದು?

ಆದಕಾರಣ ಕಾಗೆಯನ್ನು ಮೂಢವೆಂದು ನಗುವುದು ಯುಕ್ತವಲ್ಲ. ಹಸಿದು ತೆರೆದ ಬಾಯಿಗೆ ಗುಟುಕಿಡಬೇಕೆಂಬ ಪ್ರೇರಣೆ ಅದಕ್ಕೆ ಹುಟ್ಟಿನಿಂದಲೇ ಬಂದುದು; ಅದಿಲ್ಲದಿದ್ದರೆ ಕಾಗೆಯ ಕುಲವೇ ಇರುತ್ತಿರಲಿಲ್ಲ. ಕೋಗಿಲೆ ಬದುಕುವುದು ಆ ವಾತ್ಸಲ್ಯದ ಬಲದಮೇಲೆಯೇ ಹೊರತು ಕಾಗೆಯ ದಡ್ಡತನದಮೇಲಲ್ಲ. ಕೋಗಿಲೆಯನ್ನು ಕಳ್ಳನೆನ್ನುವುದೂ ಸಲ್ಲದು. ಗೂಡುಕಟ್ಟುವ ವಿದ್ಯೆ ಅದಕ್ಕೆ ಬರಲೇ ಇಲ್ಲ. ಕಪಟ, ಮೌಢ್ಯ ಎಂಬ ಮಾತುಗಳು ನಮ್ಮ ನಮ್ಮೊಳಗಿನ ವ್ಯವಹಾರಕ್ಕೆ ನಾವು ಮಾಡಿಕೊಂಡವು. ಮಾವಿನ ಮರದ ಗಾಯಕನಿಗೆ ತಲೆದೂಗುವಾಗ, ಅವನನ್ನು ಸಾಕಿದ ಕರಿಯ ತಾಯಿಗೂ ಒಂದು ಪಾಲು ಮೆಚ್ಚುಗೆ ಸಲ್ಲಬೇಕು.