ಸೇರಿನ ಅಳತೆ ಮತ್ತು ಕಿಲೋ ತೂಕ
(ರೈತ ಮಹಿಳೆಯರ ತರಬೇತಿಗಾಗಿ ಸಿದ್ಧಪಡಿಸಿದ ಭಾಷಣ)



ಧಾನ್ಯವು ಅಂಗಡಿಯಿಂದ ಮನೆಗೆ ಬರುವುದು ಕಿಲೋ ಲೆಕ್ಕದಲ್ಲಿ. ಒಲೆಯ ಮೇಲಿನ ಪಾತ್ರೆಗೆ ಬೀಳುವುದು ಪಾವು, ಸೇರು, ಲೋಟದ ಲೆಕ್ಕದಲ್ಲಿ. ಮೆಟ್ರಿಕ್ ತೂಕ ಮತ್ತು ಅಳತೆಗಳು ದೇಶದಲ್ಲಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದವು. ಆದರೂ ನಾಲ್ಕು ಪಾವಿಗೆ ಒಂದು ಸೇರೆಂಬ ಲೆಕ್ಕ ಹಳ್ಳಿಯ ಅಡುಗೆಮನೆಯನ್ನು ಬಿಟ್ಟುಹೋಗಿಲ್ಲ. ಬಿಡಬೇಕಾದ ಅಗತ್ಯವೂ ಇಲ್ಲ. ತೊಂದರೆ ಬರುವುದು ಸೇರನ್ನೇ ಕಿಲೋ ಎಂದು ತಿಳಿದಾಗ.

ಹಿಂದೆ ಸೇರೆಂಬ ಒಂದೇ ಹೆಸರು ಎರಡಕ್ಕೆ ಸಲ್ಲುತ್ತಿತ್ತು. ತಕ್ಕಡಿಯ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಅಳೆಯುವ ಸೇರು ಒಂದು ಪಾತ್ರೆ; ಅದರ ಗಾತ್ರ ಊರಿಂದೂರಿಗೆ ಬೇರೆ. ಅದರಲ್ಲಿ ಎಷ್ಟು ತೂಕ ಹಿಡಿಯುತ್ತದೆ ಎಂಬುದು ಒಳಗೆ ತುಂಬಿದ ಪದಾರ್ಥದ ಮೇಲೆ ಹೋಗುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಅದೇ ಲೀಟರಿನ ಪಾತ್ರೆಯಲ್ಲಿ ಅಕ್ಕಿ 800ರಿಂದ 850 ಗ್ರಾಂ, ರಾಗಿ 750ರಿಂದ 800 ಗ್ರಾಂ ಮಾತ್ರ ಹಿಡಿಯುತ್ತದೆ. ಸಿಪ್ಪೆಯಿರುವ ಭತ್ತವಾದರೆ 600 ಗ್ರಾಂ ಆಸುಪಾಸು. ಬೇಳೆ ಹೆಚ್ಚುಕಡಿಮೆ ಅಕ್ಕಿಯಷ್ಟೇ ತೂಗುತ್ತದೆ. ಇಡ್ಲಿಗೆ ಅಕ್ಕಿ ಮೂರು ಪಾಲು, ಉದ್ದಿನಬೇಳೆ ಒಂದು ಪಾಲು ಎಂದು ಅಳೆದರೂ ತೂಗಿದರೂ ಹದ ಕೆಡದಿರುವುದು ಇದರಿಂದಲೇ.

ಮನೆಯ ಅಡುಗೆಯಲ್ಲಿ ಒಂದು ಹಿಡಿ ಹೆಚ್ಚುಕಡಿಮೆಯಾದರೆ ನಡೆದೀತು. ನೂರಾರು ಮಂದಿಯ ಅಡುಗೆಯಲ್ಲಿ ನಡೆಯದು. ಶಾಲೆಯ ಬಿಸಿಯೂಟದಲ್ಲಿ 1ರಿಂದ 5ನೆಯ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ ನಿಗದಿಯಾಗಿದೆ. 120 ಮಕ್ಕಳಿದ್ದರೆ 12 ಕಿಲೋ ಅಕ್ಕಿ ಬೇಯಬೇಕು. ಲೀಟರಿಗೆ ಒಂದು ಕಿಲೋ ಎಂದೆಣಿಸಿ 12 ಅಳತೆ ಹಾಕಿದರೆ, ಅಳತೆಗೆ 800 ಗ್ರಾಂ ಹಿಡಿದಲ್ಲಿ, ಪಾತ್ರೆಗೆ ಬಿದ್ದದ್ದು 9 ಕಿಲೋ 600 ಗ್ರಾಂ ಮಾತ್ರ. ಅಂದರೆ 24 ಮಕ್ಕಳ ಪಾಲಿನ ಅಕ್ಕಿ ಒಲೆಗೇ ಏರಲಿಲ್ಲ. ಹಾಕಬೇಕಾದದ್ದು 15 ಅಳತೆ.

ಹಿಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಸಡಿಲವಾಗಿ ತುಂಬಿದ ರಾಗಿಹಿಟ್ಟು ಲೀಟರಿಗೆ 600 ಗ್ರಾಮಿಗಿಂತ ಹೆಚ್ಚು ತೂಗುವುದು ಅಪರೂಪ. ಒಂದು ಡಬ್ಬ ರಾಗಿ ಕೊಟ್ಟು ಗಿರಣಿಯಿಂದ ಒಂದು ಡಬ್ಬ ಹಿಟ್ಟು ತಂದವರು ಲೆಕ್ಕ ಸರಿಯಾಯಿತೆಂದು ಸಮಾಧಾನಪಡುವುದುಂಟು. ಸರಿಯಾಗಿಲ್ಲ. ಬೀಸಿದ ಮೇಲೆ ಹಿಟ್ಟು ಉಬ್ಬಿ, ಡಬ್ಬ ತುಂಬಿ ಮಿಗಲೇಬೇಕು. ಸಡಿಲವಾದ ಹಿಟ್ಟು ಡಬ್ಬಕ್ಕೆ ಸರಿಯಾಗಿ ಮುಗಿದುಹೋದರೆ ಸುಮಾರು ಕಾಲು ಭಾಗ ತೂಕ ಎಲ್ಲಿಯೋ ಕಳೆದಿದೆ! ಹಾಗೆಂದು ಗಿರಣಿಯವನೊಡನೆ ಜಗಳಕ್ಕೆ ನಿಲ್ಲುವುದೂ ತರವಲ್ಲ. ಗಾಡಿಯಲ್ಲಿ ಕುಲುಕಿಕೊಂಡು ಬಂದ ಹಿಟ್ಟು ಕೆಳಗಿಳಿದು ಬಿಗಿಯಾಗಿರುತ್ತದೆ. ರಾಗಿಯನ್ನೂ ಹಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಿಸಿದರೆ ಮಾತಿಗೆ ಆಸ್ಪದವಿಲ್ಲ. ಕಲ್ಲಿಗೆ ಅಂಟಿದ್ದು, ಹಾರಿಹೋದದ್ದು ಸ್ವಲ್ಪ ಕಡಿಮೆಯಾಗುವುದು ಸಹಜ.

ಅಳೆಯುವ ರೀತಿಯೂ ಒಂದೇ ಇರಬೇಕು. ಕೆಲವರು ಗೋಪುರದಂತೆ ಏರಿಸಿ ಅಳೆಯುತ್ತಾರೆ, ಕೆಲವರು ಕೋಲಿನಿಂದ ಬಾಯಿಯ ಮಟ್ಟಕ್ಕೆ ಸವರುತ್ತಾರೆ. ಬಾಯಿ ಅಗಲವಾದ ಪಾತ್ರೆಯಲ್ಲಿ ಗೋಪುರವೂ ದೊಡ್ಡದಾಗುವುದರಿಂದ ಸವರಿ ಅಳೆಯುವುದೇ ಲೇಸು. ಜೊಳ್ಳು ಬೆರೆತ ಇಲ್ಲವೆ ಹುಳು ತಿಂದ ಕಾಳು ಅಳತೆಗೆ ತುಂಬುತ್ತದೆ, ತೂಕಕ್ಕೆ ಬಾರದು.

ಮನೆಯಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಸೇರಿದ್ದರೆ ಅದನ್ನು ಮೂಲೆಗೆ ಎಸೆಯಬೇಡಿ. ಬರಿದಾಗಿ ಒಮ್ಮೆ, ಬಾಯಿಮಟ್ಟ ನೀರು ತುಂಬಿ ಒಮ್ಮೆ ತೂಗಿರಿ. ಎರಡರ ವ್ಯತ್ಯಾಸ ಎಷ್ಟು ಕಿಲೋ ಇದೆಯೋ ಅಷ್ಟೇ ಲೀಟರ್ ಆ ಸೇರಿನ ಗಾತ್ರ. ನಂತರ ಚೆನ್ನಾಗಿ ಒಣಗಿಸಿ, ಮನೆಯಲ್ಲಿ ಬಳಸುವ ಅಕ್ಕಿ, ರಾಗಿ, ಬೇಳೆ, ಹಿಟ್ಟುಗಳನ್ನು ಒಂದೊಂದಾಗಿ ತುಂಬಿ, ಸವರಿ, ತೂಗಿ, ಬಂದ ಅಂಕಿಗಳನ್ನು ಉಗ್ರಾಣದ ಬಾಗಿಲ ಹಿಂದೆ ಬರೆದಿಡಿ. ಅಕ್ಕಿಯ ತಳಿ ಬದಲಾದಾಗ ಮತ್ತೊಮ್ಮೆ ತೂಗಿ ತಿದ್ದಿಕೊಳ್ಳಬೇಕು.